ನೋಡಿ ತಿದ್ದುವ ಪಾಠ

ವೈದ್ಯಕೀಯ ಶಿಕ್ಷಣದ ಸುಧಾರಣೆ ಎಂದೊಡನೆ ಏನು ಕಲಿಸಬೇಕು, ಎಷ್ಟು ಕಲಿಸಬೇಕು ಎಂಬ ಚರ್ಚೆಯೇ ಮೇಲಾಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ವಿದ್ಯಾರ್ಥಿ ರೋಗಿಯನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ತಿದ್ದುವವರು ಯಾರು?

1890ರ ದಶಕದಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ದು, ರೋಗಿಗಳ ಹೊಣೆಯಲ್ಲಿ ಪಾಲು ಕೊಟ್ಟರು. 1910ರಲ್ಲಿ ಬಂದ ಅಬ್ರಹಾಂ ಫ್ಲೆಕ್ಸ್‌ನರ್ ವರದಿ ಮೊದಲು ಮೂಲವಿಜ್ಞಾನ, ಆಮೇಲೆ ಆಸ್ಪತ್ರೆ ಎಂಬ ಕ್ರಮವನ್ನು ಗಟ್ಟಿ ಮಾಡಿತು. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಆ ಕ್ರಮವನ್ನೇ ಮುರಿಯಿತು. ಅಲ್ಲಿ ಮೊದಲು ರೋಗಿಯ ಸಮಸ್ಯೆ. ಅದನ್ನು ಬಿಡಿಸಲು ಏನು ಬೇಕೋ ಅದನ್ನು ಸಣ್ಣ ಗುಂಪುಗಳು ತಾವೇ ಹುಡುಕಿ ಓದಬೇಕು. ವಿದ್ಯಾರ್ಥಿಗಳಿಗೆ ಈ ಪದ್ಧತಿ ಹಿಡಿಸಿತು. ಲಿಖಿತ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ದೊಡ್ಡ ಅಂತರವೇನೂ ಕಾಣಲಿಲ್ಲ.

ನಿಜವಾದ ತಿರುವು ಬಂದದ್ದು ಪರೀಕ್ಷೆಯ ಕಡೆಯಿಂದ. ಹಳೆಯ ಲಾಂಗ್ ಕೇಸ್ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ವಿದ್ಯಾರ್ಥಿ ಒಬ್ಬನೇ ರೋಗಿಯ ಬಳಿ ಕೂತು ಎಲ್ಲ ಬರೆದುಕೊಳ್ಳುತ್ತಾನೆ; ಪರೀಕ್ಷಕರು ಬಂದು ಕೇಳುವುದು ಅವನ ವರದಿಯನ್ನಷ್ಟೇ. ಹೊಟ್ಟೆ ಒತ್ತಿ ನೋಡುವಾಗ ಅವನ ಕಣ್ಣು ರೋಗಿಯ ಮುಖದ ಮೇಲಿತ್ತೇ ಎಂಬುದು ಯಾರಿಗೂ ತಿಳಿಯುವುದಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ರೂಪಿಸಿದ ಓಸ್ಕಿ (OSCE) ಎಂಬ ಪರೀಕ್ಷಾ ಪದ್ಧತಿ ಈ ಕುರುಡನ್ನು ನೀಗಿಸಿತು. ಗಂಟೆ ಬಾರಿಸಿದಂತೆ ವಿದ್ಯಾರ್ಥಿ ಒಂದು ಸ್ಟೇಷನ್‌ನಿಂದ ಮತ್ತೊಂದಕ್ಕೆ ಸಾಗಬೇಕು. ಒಂದು ಕಡೆ ಬಿಪಿ ನೋಡಬೇಕು ಎನ್ನಿ: ಕೈ ತೊಳೆದನೇ, ತನ್ನ ಪರಿಚಯ ಹೇಳಿದನೇ, ಪಟ್ಟಿಯನ್ನು ರವಿಕೆಯ ತೋಳಿನ ಮೇಲೆಯೇ ಸುತ್ತಿಬಿಟ್ಟನೇ? ಪರೀಕ್ಷಕರು ಎದುರಿಗೇ ನಿಂತು ಒಂದೊಂದನ್ನೂ ಗುರುತು ಹಾಕುತ್ತಾರೆ. ಪರೀಕ್ಷೆಯಲ್ಲಿ ಕೈ ಕೆಲಸ ನೋಡುತ್ತಾರೆಂದು ತಿಳಿದ ಮೇಲೆ ವಿದ್ಯಾರ್ಥಿಗಳು ಅದನ್ನು ರೂಢಿಸಿಕೊಳ್ಳತೊಡಗಿದರು.

ಈ ವಿಷಯದಲ್ಲಿ ನರ್ಸಿಂಗ್ ಶಾಲೆಗಳು ವೈದ್ಯಕೀಯ ಕಾಲೇಜುಗಳಿಗಿಂತ ಮುಂದಿದ್ದವು ಎಂಬುದನ್ನು ಹೇಳಲೇಬೇಕು. ಟೀಚರ್ ಮಾಡಿ ತೋರಿಸುವುದು, ವಿದ್ಯಾರ್ಥಿನಿ ಅವರೆದುರೇ ಮಾಡಿ ಒಪ್ಪಿಸುವುದು ಅಲ್ಲಿ ದಿನನಿತ್ಯದ ಪಾಠ. ಅದಕ್ಕೆ ತಕ್ಕ ಮನ್ನಣೆ ಅವರಿಗೆ ಸಿಗಲೇ ಇಲ್ಲ.

ಕೈ ಕೆಲಸದ ಬಗೆಗಷ್ಟೇ ಅಲ್ಲ, ಓದಿನ ಬಗೆಗೂ ಹೊಸ ತಿಳಿವು ಬಂತು. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ಬಳಿಕ ಮತ್ತೆ ಮತ್ತೆ ಓದಿದವರೇ ಮೇಲು. ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮೇಲು.

ಭಾರತದಲ್ಲಿ 2019ರ ಎಂಬಿಬಿಎಸ್ ಬ್ಯಾಚಿನಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಮೊದಲ ವರ್ಷದಲ್ಲೇ ರೋಗಿಗಳ ಭೇಟಿ, ಸಂವಹನದ ತರಬೇತಿ, ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ, ಎಲ್ಲವೂ ಇವೆ. ಹೊರರಾಜ್ಯದಿಂದ ಕರ್ನಾಟಕಕ್ಕೆ ಬಂದ ವಿದ್ಯಾರ್ಥಿಗೆ ಕನ್ನಡ ಬಾರದಿದ್ದರೆ ಕೇಸ್ ಹಿಸ್ಟರಿಯೇ ಹೊರಡದು. ಕಲಿತ ಕೌಶಲಗಳಿಗೆ ಲಾಗ್‌ಬುಕ್ಕಿನಲ್ಲಿ ಅಧ್ಯಾಪಕರ ಸಹಿ ಬೇಕು. ಆದರೆ ನೂರೈವತ್ತು ಮಂದಿಯ ತರಗತಿಯಲ್ಲಿ ಕಣ್ಣಾರೆ ನೋಡದೆಯೇ ಬೀಳುವ ಸಹಿಗೆ ಬೆಲೆಯಿಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಬಂದ ಮಿನಿ-ಸಿಇಎಕ್ಸ್ ಪದ್ಧತಿಯಲ್ಲಿ ಅಧ್ಯಾಪಕರು ಹದಿನೈದಿಪ್ಪತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿ, ಅಲ್ಲೇ ತಿದ್ದಿ ಹೇಳುತ್ತಾರೆ. ಅದಕ್ಕೆ ದುಬಾರಿ ಯಂತ್ರ ಬೇಡ, ಅಧ್ಯಾಪಕರ ಸಮಯ ಬೇಕು. ಬಡ್ತಿಗೆ ಸಂಶೋಧನಾ ಪ್ರಬಂಧಗಳನ್ನು ಎಣಿಸುವ ನಿಯಮಗಳಲ್ಲಿ ಆ ಹದಿನೈದು ನಿಮಿಷಕ್ಕೂ ಲೆಕ್ಕ ಸಿಗಬೇಕು.