ಗಂಟು ಕಟ್ಟಿಕೊಂಡು ಬಂದ ತವರು

ನಮ್ಮೂರ ಕಡೆ ಬಾಣಂತನವೆಂದರೆ ತವರಿಗೆ ಹೋಗುವುದು. ಹೊರನಾಡಿಗೆ ಬಂದ ನನ್ನಂಥವರಿಗೆ ತವರೇ ಗಂಟು ಕಟ್ಟಿಕೊಂಡು ಇಲ್ಲಿಗೆ ಬರಬೇಕಾಯಿತು.

1853ರಲ್ಲಿ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬಂತು. ಮುಂಬಯಿಯ ಬಾಡಿಗೆ ಕಟ್ಟಲಾರದ ನಮ್ಮವರು ಎಷ್ಟೋ ಮಂದಿ ಮುಂದೆ ಅದೇ ಹಳಿಗುಂಟ ಡೊಂಬಿವಲಿಯಲ್ಲಿ ನೆಲೆಸಿದರು. ಕರಾವಳಿಯ ಊರುಗಳಿಗೆ ಮಾತ್ರ ಇಲ್ಲಿಂದ ನೇರ ರೈಲಿರಲಿಲ್ಲ. 1994ರ ಮಳೆಗಾಲದಲ್ಲಿ ನನ್ನ ಹೆರಿಗೆಗೆ ಅಮ್ಮ ಕುಂದಾಪುರದಿಂದ ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದಳು. ಚೀಲದಲ್ಲಿ ಕಾಳುಮೆಣಸು, ಓಮ, ಬೆಲ್ಲ, ತೆಂಗಿನೆಣ್ಣೆ. "ಗದ್ದೆ ನಟ್ಟಿ ಸಮಯ, ಅಲ್ಲಿ ಅಪ್ಪಯ್ಯ ಒಬ್ರೇ" ಎಂದು ದಿನಾ ಹೇಳುತ್ತಿದ್ದಳು. ಆದರೂ ನಲವತ್ತು ದಿನ ನನ್ನನ್ನು ಬಿಟ್ಟು ಹೋಗಲಿಲ್ಲ.

ಊರಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ನಮ್ಮದು ಒಂದೇ ಕೋಣೆ. ಕಿಟಕಿ ಮುಚ್ಚಿ ಕೆಂಡಕ್ಕೆ ಓಮ ಹಾಕಿದಾಗ ಮಗು ಕೆಮ್ಮಿ ಕೆಮ್ಮಿ ಕೆಂಪಾಯಿತು. ಪಕ್ಕದ ಮನೆಯ ಮರಾಠಿ ಅಜ್ಜಿ ಓಡಿ ಬಂದು ಕಿಟಕಿ ತೆರೆದು ಅಗ್ಗಿಷ್ಟಿಕೆ ಹೊರಗಿಟ್ಟರು. ಮುಚ್ಚಿದ ಕೋಣೆಯ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದು ಜೀವ ತೆಗೆಯಬಲ್ಲದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಮ್ಮನಿಗೆ ಮರಾಠಿ ಬಾರದು. ನಾವು ಬಾಣಂತಿ ಅಂದರೆ ಅವರು ಬಾಳಂತೀಣ ಅಂದರು. ಇಬ್ಬರಿಗೂ ಅಷ್ಟೇ ಸಾಕಾಯಿತು.

1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಯಿತು. ಮಧ್ಯಾಹ್ನ ಊರಲ್ಲಿ ಹತ್ತಿದ ತಾಯಂದಿರು ಬೆಳಗಾಗುವಷ್ಟರಲ್ಲಿ ಠಾಣೆಯಲ್ಲಿ ಇಳಿಯತೊಡಗಿದರು.

ರಜೆಗೂ ಒಂದು ಚರಿತ್ರೆ ಇದೆ. ಮುಂಬಯಿ ಪ್ರಾಂತ್ಯ 1929ರಲ್ಲೇ ಕಾರ್ಖಾನೆಯ ಹೆಂಗಸರಿಗಾಗಿ ಹೆರಿಗೆ ಭತ್ಯೆಯ ಕಾನೂನು ಮಾಡಿತ್ತು. ಇಡೀ ದೇಶಕ್ಕೆ 1961ರ ಕಾನೂನು ಬಂದಾಗ ಸಿಕ್ಕಿದ್ದು 12 ವಾರ. 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗೆ ಅದನ್ನು 26 ವಾರ ಮಾಡಿತು. ನವಿ ಮುಂಬಯಿಯಲ್ಲಿರುವ ನನ್ನ ಮಗಳಿಗೆ 2019ರಲ್ಲಿ ಆ ರಜೆ ಸಿಕ್ಕಿತು.

ಆಗ ಅಮ್ಮ ಇರಲಿಲ್ಲ. ನನ್ನ ಕೈಯಲ್ಲಿ ಮೊದಲಿನ ಬಲ ಇಲ್ಲ. ತಾಯಿ-ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ಮರಾಠಿ ಹೆಂಗಸೊಬ್ಬಳು ಬರುತ್ತಿದ್ದಳು. "ನಿಂಗೆ ಯಾರು ಮಾಡಿದ್ರು?" ಎಂದು ಒಂದು ದಿನ ಕೇಳಿದೆ. "ಯಾರು ಮಾಡ್ತಾರೆ? ಇಪ್ಪತ್ತನೇ ದಿನಕ್ಕೇ ಕೆಲಸಕ್ಕೆ ಹೋದೆ" ಅಂದಳು. ಮನೆಮನೆ ಸುತ್ತಿ ದುಡಿಯುವವಳನ್ನು ಆ 26 ವಾರ ಮುಟ್ಟಿರಲಿಲ್ಲ. ಅವಳೂ ಊರು ಬಿಟ್ಟು ಬಂದವಳೇ.

ಅಂದು ಅವಳನ್ನು ಕೂರಿಸಿ ಅಮ್ಮ ಕಲಿಸಿದ ಮೆಣಸಿನ ಸಾರು, ಬಿಸಿ ಅನ್ನ ಬಡಿಸಿದೆ. ಅದು ಬಾಣಂತನವಲ್ಲ ಎಂದು ನನಗೂ ಗೊತ್ತು.