ಒಂದು ಮೇಣದ ಬತ್ತಿ, ಎರಡು ಸೆಕೆಂಡು

ನಿಮ್ಮ ಮನೆಯ ಪಡಸಾಲೆಯಲ್ಲೂ ಹಿರಿಯರ ಕಪ್ಪು-ಬಿಳುಪು ಭಾವಚಿತ್ರವೊಂದು ಇದ್ದೀತು. ಅದನ್ನು ಮುದ್ರಿಸಿದ ಕಾಗದಕ್ಕೆ ಎಷ್ಟು ಬೆಳಕು ಬೇಕಾಯಿತೆಂದು ಯೋಚಿಸಿದ್ದೀರಾ? ಕಾರ್ಯಕ್ರಮದಲ್ಲಿ ಇದನ್ನು ಹೇಳಲು ಸಮಯ ಸಾಲಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

1994ರಲ್ಲಿ ಸುರೇಬಾನದಲ್ಲಿ ನನ್ನ ಅಜ್ಜಿ ತೀರಿಕೊಂಡಳು. ಇದ್ದದ್ದು ಒಂದೇ ನೆಗೆಟಿವ್. ಅದನ್ನು ಹಿಡಿದು ರಾಮದುರ್ಗದ ಸ್ಟುಡಿಯೋ ಒಂದಕ್ಕೆ ಹೋದೆ. ಕೆಂಪು ದೀಪದ ಕೋಣೆಯಲ್ಲಿ ಸ್ಟುಡಿಯೋದವರು ವಾಡಿಕೆಯಂತೆ ಹನ್ನೆರಡು ಎಣಿಸಿ ಎನ್‌ಲಾರ್ಜರ್ ಆರಿಸಿದರು. ಡೆವಲಪರಿನಲ್ಲಿ ಅಜ್ಜಿಯ ಮುಖ ಮೂಡಿತು, ಮೂಡುತ್ತಲೇ ಮಸಿಯಾಯಿತು. “ತಮ್ಮಾ, ಹಾಳಿ ಬ್ಯಾರೆ ಬಂದೇತಿ, ಎಣಿಕಿನೂ ಬ್ಯಾರೆ ಮಾಡಬೇಕಾತು” ಎಂದರು.

ಹಾಳೆಯಿಂದ ಹಾಳೆಗೆ ಈ ವ್ಯತ್ಯಾಸವೇಕೆ? ಹತ್ತೊಂಬತ್ತನೆಯ ಶತಮಾನದ ಬಹುಕಾಲ ಫೋಟೋ ಮುದ್ರಣವೆಂದರೆ ಬಿಸಿಲಿನ ಕೆಲಸ. ನೆಗೆಟಿವ್ ಮತ್ತು ಕಾಗದವನ್ನು ಗಾಜಿನ ಚೌಕಟ್ಟಿನಲ್ಲಿ ಬಿಗಿದು ಹಪ್ಪಳದಂತೆ ಬಿಸಿಲಿಗಿಡುತ್ತಿದ್ದರು. ಚಿತ್ರ ಕಣ್ಣೆದುರೇ ನಿಧಾನವಾಗಿ ಕಪ್ಪೇರುತ್ತಿತ್ತು. ಅಮೆರಿಕದಲ್ಲಿ ನೆಲೆಸಿದ್ದ ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ಲಿಯೋ ಬೇಕ್‌ಲ್ಯಾಂಡ್ 1893ರ ಹೊತ್ತಿಗೆ ‘ವೆಲಾಕ್ಸ್’ ಎಂಬ ಸಿಲ್ವರ್ ಕ್ಲೋರೈಡ್ ಕಾಗದ ತಂದರು. ಇದಕ್ಕೆ ಬಿಸಿಲು ಬೇಡ, ಗ್ಯಾಸ್ ದೀಪ ಸಾಕು. ದೀಪ ಸಣ್ಣದು ಮಾಡಿದರೆ ಅದೇ ಬೆಳಕಿನಲ್ಲಿ ಡೆವಲಪ್ ಕೂಡ ಮಾಡಬಹುದಿತ್ತು. (ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳ ಬೇಕಲೈಟ್ ಕೂಡ ಇದೇ ಮಹಾಶಯರದು.) 1880ರ ದಶಕದಲ್ಲೇ ಮಾರಾಟಕ್ಕೆ ಬಂದಿದ್ದ ಸಿಲ್ವರ್ ಬ್ರೋಮೈಡ್ ಕಾಗದ ಇದಕ್ಕಿಂತ ಎಷ್ಟೋ ಪಟ್ಟು ಚುರುಕು. ಎನ್‌ಲಾರ್ಜರಿನಿಂದ ಹರಡಿ ಬೀಳುವ ಕ್ಷೀಣ ಬೆಳಕಿಗೆ ಅದೇ ಬೇಕಾಯಿತು. ಆದರೆ ಆ ಚುರುಕಿಗಾಗಿ ಮುದ್ರಕ ಕತ್ತಲೆ ಕೋಣೆ ಸೇರಬೇಕಾಯಿತು.

ಈ ಚುರುಕನ್ನು ಅಳೆಯುವುದು ಹೇಗೆ? 1890ರಲ್ಲಿ ಇಂಗ್ಲೆಂಡಿನ ಹರ್ಟರ್ ಮತ್ತು ಡ್ರಿಫೀಲ್ಡ್ ಫೋಟೋ ಪ್ಲೇಟುಗಳಿಗಾಗಿ ಪ್ರಕಟಿಸಿದ ವಿಧಾನವೇ ಇದರ ತಾಯಿಬೇರು. ಒಂದು ಮೀಟರ್ ದೂರದ ಮೇಣದ ಬತ್ತಿ ಒಂದು ಸೆಕೆಂಡಿನಲ್ಲಿ ಕೊಡುವ ಬೆಳಕು ಅವರ ಅಳತೆಗೋಲು. ಇಂದಿನ ಲಕ್ಸ್-ಸೆಕೆಂಡು ಹೆಚ್ಚುಕಡಿಮೆ ಅದೇ. ನಿಗದಿತ ಬೂದುಬಣ್ಣ ಬರಲು ಎಷ್ಟು ಲಕ್ಸ್-ಸೆಕೆಂಡು ಬೇಕೋ ಅದರಿಂದ 1000ವನ್ನು ಭಾಗಿಸಿದರೆ ಕಾಗದದ ಐಎಸ್‌ಓ ‘ಪಿ’ ಸಂಖ್ಯೆ ಸಿಗುತ್ತದೆ. ಪಿ 500 ಕಾಗದಕ್ಕೆ 2 ಸಾಕು, ಪಿ 100ಕ್ಕೆ 10 ಬೇಕು. ಪಿ 250ರಲ್ಲಿ ಹನ್ನೆರಡು ಸೆಕೆಂಡು ಬೇಡುವ ನೆಗೆಟಿವ್ ಪಿ 500ರಲ್ಲಿ ಆರಕ್ಕೆ ಮುಗಿಯುತ್ತದೆ. ಫಿಲ್ಮಿನ ಐಎಸ್‌ಓ ಜೊತೆ ಇದನ್ನು ಹೋಲಿಸಬೇಡಿ, ಅದರ ಲೆಕ್ಕ ಬೇರೆ. ಹಳೆಯ ಡಬ್ಬಿಯ ಮೇಲಿನ ಸಂಖ್ಯೆಯನ್ನೂ ನಂಬಬೇಡಿ: ವಯಸ್ಸಾದಂತೆ ಕಾಗದ ಮಂದವಾಗುತ್ತದೆ, ಅದರ ಬಿಳುಪೂ ಕಂದುತ್ತದೆ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಗಿದೆ. ಅದರ ‘ಇಂದು’ ಕಾಗದ ಯಾರಲ್ಲಾದರೂ ಉಳಿದಿದ್ದರೆ ಈ ಮಾತು ಅದಕ್ಕೂ ಸಲ್ಲುತ್ತದೆ.

ಸ್ಟುಡಿಯೋದವರಿಗೆ ಪಿ ಸಂಖ್ಯೆ ಬೇಕಿರಲಿಲ್ಲ. ಹಾಳೆಯ ಒಂದು ಪಟ್ಟಿ ಕತ್ತರಿಸಿ, ಅಜ್ಜಿಯ ಹಣೆ ಬೀಳುವಲ್ಲಿ ಅಡ್ಡಲಾಗಿ ಇಟ್ಟು, ಮೂರು ಸೆಕೆಂಡಿಗೊಮ್ಮೆ ರಟ್ಟು ಸರಿಸುತ್ತ ಮುಚ್ಚಿದರು. ಮೂರು, ಆರು, ಒಂಬತ್ತು, ಹನ್ನೆರಡು. ಮೊದಲನೆಯ ಭಾಗದಲ್ಲಿ ಹಣೆಯೂ ವಿಭೂತಿಯೂ ಒಂದೇ ಬಿಳುಪು. ಕೊನೆಯದರಲ್ಲಿ ಎರಡೂ ಕಪ್ಪು. ಆರರಲ್ಲಿ ಮೂರು ಗೆರೆಗಳೂ ಬಿಡಿಬಿಡಿಯಾಗಿ ಕಂಡವು.

ಆರು ಎಣಿಸಿ ಮುದ್ರಿಸಿದ ಆ ಚಿತ್ರ ಸುರೇಬಾನದ ಮನೆಯಲ್ಲಿದೆ. ಕೆಟ್ಟ ಹಾಳೆಗೆ ಅವರು ಹಣ ತೆಗೆದುಕೊಳ್ಳಲಿಲ್ಲ.