ತೋಳಿನಿಂದ ತೋಳಿಗೆ

ಐಸ್ ಪೆಟ್ಟಿಗೆಯಿಲ್ಲದ, ರೈಲೂ ಇಲ್ಲದ ಕಾಲದಲ್ಲಿ ಲಸಿಕೆ ನಮ್ಮ ನಾಡಿನ ಊರೂರಿಗೆ ತಲುಪಿದ್ದು ಹೇಗೆ? ಮಕ್ಕಳ ತೋಳಿನ ಮೇಲೆ.

ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯ ವಿಚಾರವನ್ನು ಪ್ರಕಟಿಸಿದ್ದು 1798ರಲ್ಲಿ. ಅದರ ದ್ರವವನ್ನು ದಾರಕ್ಕೆ ಹಚ್ಚಿಯೋ ಗಾಜಿನ ತುಂಡುಗಳ ನಡುವೆ ಒಣಗಿಸಿಯೋ ಕಳಿಸಿದರೆ ದಾರಿಯ ಬಿಸಿಲಿಗೆ ಅದರ ಸತ್ವವೇ ಹೋಗುತ್ತಿತ್ತು. ಹಲವು ಪ್ರಯತ್ನಗಳು ವಿಫಲವಾದ ಮೇಲೆ, ವಿಯೆನ್ನಾದ ವೈದ್ಯ ಜೀನ್ ಡಿ ಕ್ಯಾರೊ ಕಳಿಸಿದ ಲಸಿಕೆ ಬಾಗ್ದಾದ್, ಬಸ್ರಾ ದಾಟಿ ಬೊಂಬಾಯಿ ಸೇರಿತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ಲಸಿಕೆ ಫಲ ಕೊಟ್ಟಿತು. ವಾರ ಕಳೆದು ಅವಳ ತೋಳಿನ ಬೊಕ್ಕೆಯಲ್ಲಿ ತುಂಬಿದ ದ್ರವವನ್ನು ಬೇರೆ ಮಕ್ಕಳಿಗೆ ಚುಚ್ಚಿದರು. ಅಲ್ಲಿಂದ ಅದು ಪುಣೆ, ಹೈದರಾಬಾದ್, ಮದರಾಸುಗಳಿಗೆ ಹೋಯಿತು.

ಮೈಸೂರಿನಲ್ಲಿ ಅರಮನೆಯೇ ಮುಂದೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕಿ ಬರೆದ ಮೂವರು ಸ್ತ್ರೀಯರ ವರ್ಣಚಿತ್ರದಲ್ಲಿ ಬಲಗಡೆ ಇರುವವರು ಇವರೇ, ಸೆರಗು ಸರಿಸಿರುವುದು ಲಸಿಕೆಯ ಜಾಗ ತೋರಿಸಲೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಜನರ ಅಂಜಿಕೆ ಕಳೆಯಲು ರಾಣಿಯ ತೋಳು ಬೇಕಾಯಿತು.

ಆದರೆ ಸರಪಳಿ ಉಳಿಯಲು ಬೇಕಾದದ್ದು ಬಡವರ ಮಕ್ಕಳ ತೋಳು. ಬೊಕ್ಕೆ ಒಣಗುವ ಮುನ್ನ ಮುಂದಿನ ಮಗು ಸಿಗಬೇಕು. ಸಿಗದಿದ್ದರೆ ಇಡೀ ಪ್ರದೇಶದಲ್ಲಿ ಲಸಿಕೆಯೇ ಇಲ್ಲ. ಆ ಮಕ್ಕಳನ್ನಾಗಲಿ ತಾಯಂದಿರನ್ನಾಗಲಿ ಒಪ್ಪಿಗೆ ಕೇಳಿದವರು ಕಡಿಮೆ. ಆನಾಳ ಹೆಸರು ಉಳಿಯಿತು. ಅವಳ ನಂತರದ ಸಾವಿರಾರು ಕೊಂಡಿಗಳಿಗೆ ಹೆಸರಿಲ್ಲ.

ಮುಂದೆ ಕರುಗಳ ಮೈಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಂದು ಮಕ್ಕಳು ಈ ಹೊರೆಯಿಂದ ಪಾರಾದರು. ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂಬ ಹೆಸರು ಆ ಕಾಲದ ಗುರುತಾಗಿ ಇಂದಿಗೂ ಉಳಿದಿದೆ.

2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಪುಣೆಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಜಿಲ್ಲಾ ಉಗ್ರಾಣ, ಆಸ್ಪತ್ರೆಯ ಫ್ರಿಜ್, ಕೊನೆಗೆ ನರ್ಸಮ್ಮನ ಹೆಗಲಿನ ಐಸ್ ಡಬ್ಬಿ. ತುಮಕೂರಿನ ಉಪ್ಪಾರಹಳ್ಳಿಯವರಿಗಾಗಲಿ, ಗುಬ್ಬಿ, ಕುಣಿಗಲ್ಲಿನ ಹಳ್ಳಿಯವರಿಗಾಗಲಿ ಇದ್ದದ್ದು ಇದೇ ದಾರಿ. ಎರಡರಿಂದ ಎಂಟು ಡಿಗ್ರಿ ತಂಪು ಕಾಯುವ ಈ ವ್ಯವಸ್ಥೆಯನ್ನು ಮಕ್ಕಳ ಲಸಿಕೆಗಾಗಿ ದಶಕಗಳಿಂದ ಕಟ್ಟಿದ್ದರು, ಅದು ಕೈಕೊಡಲಿಲ್ಲ. ಎಡವಿದ್ದು ಮೂಲದಲ್ಲಿ. ದೇಶವೆಲ್ಲ ಮುಖ್ಯವಾಗಿ ಎರಡು ಕಂಪನಿಗಳನ್ನೇ ನೆಚ್ಚಿಕೊಂಡಿತ್ತು. ಎರಡನೇ ಅಲೆಯ ನಡುವೆ, ಮೇ 14ರಿಂದ, ಕರ್ನಾಟಕವು 18ರಿಂದ 44 ವಯಸ್ಸಿನವರಿಗೆ ಲಸಿಕೆ ಕೊಡುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇದ್ದ ದಾಸ್ತಾನು ಎರಡನೇ ಡೋಸ್ ಕಾಯುತ್ತಿದ್ದವರಿಗೆ ಮೀಸಲಾಯಿತು.

ಇನ್ನೂರು ವರ್ಷದ ಹಿಂದಿನ ವೈದ್ಯರಿಗೆ ಇದು ಗೊತ್ತಿತ್ತು. ಒಂದೇ ಮಗುವನ್ನು ನಂಬಿ ಅವರು ಹೊರಡುತ್ತಿರಲಿಲ್ಲ. ಒಂದು ತೋಳಿನಲ್ಲಿ ಬೊಕ್ಕೆ ಏಳದಿದ್ದರೆ ಇನ್ನೊಂದಿರಲಿ ಎಂದು ಹಲವು ಮಕ್ಕಳಿಗೆ ಚುಚ್ಚುತ್ತಿದ್ದರು. ರೋಗವಿಲ್ಲದ ದಿನಗಳಲ್ಲಿ ಈ ಹೆಚ್ಚುವರಿ ದಂಡದ ಖರ್ಚಿನಂತೆ ಕಾಣುತ್ತದೆ. ರೋಗ ಬಂದಾಗ ಸರಪಳಿ ಉಳಿಯುವುದು ಅದರಿಂದಲೇ.